ಮೊದಲ ಸಾಲು, ಕೊನೆಯ ಸಾಲು

ಎಲ್ಲ ಅನಾಹುತಕ್ಕೂ ಕಾರಣ ಕೋಚಿಂಗ್ ಕ್ಲಾಸಿನ ಶಾರ್ಟ್‌ಕಟ್ ಮೇಷ್ಟ್ರ ಒಂದು ಮಾತು.

"ಗದ್ಯ ಕೊಡ್ತಾರಲ್ಲ, ಅದನ್ನ ಪೂರ್ತಿ ಓದೋನು ದಡ್ಡ. ಮೊದಲ ಸಾಲು ಓದಿ, ಕೊನೇ ಸಾಲು ಓದಿ, ಸೀದಾ ಪ್ರಶ್ನೆಗೆ ನುಗ್ಗಿ. ನಡುವೆ ಇರೋದೆಲ್ಲ ಬರೀ ಹೊಟ್ಟು!"

ಕಣ್ಣಾಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಒಂಬತ್ತು ವರ್ಷದಿಂದ ಚೀಟಿ ಬರೆಯುತ್ತಿದ್ದ ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಗೆ ಸೇರಬೇಕು, ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಲೆಕ್ಕದಲ್ಲಿ ಇಪ್ಪತ್ತು ಪ್ರಶ್ನೆ, ಓದಿನಲ್ಲಿ ಇಪ್ಪತ್ತು. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸಲೀಸು. ಓದು ಮಾತ್ರ ಗಂಟಲಿಗೆ ಸಿಕ್ಕ ಮುಳ್ಳು. ಮೇಷ್ಟ್ರ ಉಪಾಯದಿಂದ ಆರು ಬರುತ್ತಿದ್ದ ಕಡೆ ಹನ್ನೊಂದು ಬಂತು. ಅಷ್ಟು ಸಾಕಾಯಿತು, ಚಟ ಹತ್ತಿಬಿಟ್ಟಿತು. ಕರೆಂಟ್ ಬಿಲ್ಲಾಗಲಿ, ಮದುವೆ ಕರೆಯೋಲೆಯಾಗಲಿ, ಮೊದಲ ಸಾಲು, ಕೊನೆಯ ಸಾಲು, ಮುಗಿಯಿತು. ಅಮ್ಮ ಏನಾದರೂ ಹೇಳಲು ಬಾಯಿ ತೆರೆದರೆ ಮೊದಲ ಮಾತು ಕೇಳಿ ಒಳಗೆ ಹೋಗುತ್ತಿದ್ದಳು, ಕೊನೆಯ ಮಾತಿನ ಹೊತ್ತಿಗೆ ಹೊರಗೆ ಬರುತ್ತಿದ್ದಳು.

ಅವಳಿಗೆ ಪದವಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಗಾಜಿನ ಕೋಣೆ. ಅದರಲ್ಲಿ ಈಗ ಮ್ಯಾನೇಜರ್ ಕೂತಿದ್ದ. ಆರು ವರ್ಷದ ಹಿಂದೆ ಇವಳ ಪಕ್ಕದ ಕುರ್ಚಿಯಲ್ಲಿ ಕೂತು, "ಅಕ್ಕಾ, ಎಡಗಣ್ಣು ಅಂದ್ರೆ ನಮ್ಮ ಎಡಾನೋ, ಪೇಷಂಟ್ ಎಡಾನೋ?" ಎಂದು ಕೇಳುತ್ತಿದ್ದವನು ಅವನೇ. ಎರಡು ವರ್ಷ ಮಾಯವಾಗಿ, ಒಂದು ಡಿಗ್ರಿ ಹೊತ್ತು ಬಂದು, ಸೀದಾ ಅಲ್ಲಿಗೆ ಏರಿಬಿಟ್ಟ. ಈಗ ಅವಳು ಅವನಿಗೆ ಸರ್ ಅನ್ನಬೇಕು. ಒಂದೊಂದು 'ಸರ್' ಅಂದಾಗಲೂ ಬಾಯಲ್ಲಿ ಕಲ್ಲು ಜಗಿದ ಹಾಗಾಗುತ್ತಿತ್ತು.

ಪರೀಕ್ಷೆಗೆ ಒಬ್ಬರಿಗೆ ಮೂರೇ ಅವಕಾಶ. ಮೊದಲನೆಯದು ಜ್ವರದಲ್ಲಿ ಹೋಯಿತು. ಎರಡನೆಯದರ ಫಲ ಓದುವ ಮೇಜಿನ ಮೇಲಿನ ಗೋಡೆಯಲ್ಲಿತ್ತು. ಹೋದ ವರ್ಷ ವಿಶ್ವವಿದ್ಯಾಲಯದಿಂದ ಬಂದ ಪತ್ರ ಅದು. ಮೊದಲ ಸಾಲು: 'ಈ ಬಾರಿ ಒಂದೊಂದು ಸೀಟಿಗೂ ಅರವತ್ತು ಅರ್ಜಿಗಳು ಬಂದಿದ್ದವು.' ಕೊನೆಯ ಸಾಲು: 'ನಿಮ್ಮ ಮುಂದಿನ ಬದುಕಿಗೆ ಶುಭ ಹಾರೈಸುತ್ತೇವೆ.' ಅವಳು ಹಲ್ಲು ಕಡಿದು, ಆ ಎರಡು ಸಾಲು ಮಾತ್ರ ಕಾಣುವಂತೆ ಹಾಳೆ ಮಡಚಿ ಗೋಡೆಗೆ ಅಂಟಿಸಿದ್ದಳು. ಓದು ಬೇಸರವಾದಾಗ ಅದನ್ನು ನೋಡುವುದು, ಸಿಟ್ಟು ನೆತ್ತಿಗೇರುವುದು, ಮತ್ತೆ ಓದುವುದು. ಸಿಟ್ಟಿನ ಒಲೆಗೆ ಅದೇ ಸೌದೆ.

ಮೂರನೆಯ ಪರೀಕ್ಷೆ ನಾಳೆ. ಪುಸ್ತಕದಲ್ಲಿ ಬಿಡಿಸದೆ ಉಳಿದದ್ದು ಒಂದೇ ಮಾದರಿ ಪ್ರಶ್ನೆಪತ್ರಿಕೆ. ಇವತ್ತು ಅರ್ಧ ದಿನ ರಜೆ ಹಾಕಿ, ಗಡಿಯಾರ ಇಟ್ಟು, ಯಾರ ಕಾಟವೂ ಇಲ್ಲದೆ ಎರಡು ಗಂಟೆ ಕೂತು ಅದನ್ನು ಮುಗಿಸಬೇಕು.

ಬೆಳಗ್ಗೆ ಹತ್ತಕ್ಕೆ ಕೌಂಟರಿಗೆ ಒಂದು ಸುತ್ತೋಲೆ ಬಂತು. ಎದುರಿಗೆ ನಲವತ್ತು ಜನರ ಸಾಲು. ಅವಳು ಮೊದಲ ಸಾಲು ನೋಡಿದಳು: 'ಎಲ್ಲ ಸಿಬ್ಬಂದಿಯ ಗಮನಕ್ಕೆ.' ಕೊನೆಯ ಸಾಲು ನೋಡಿದಳು: 'ನಿಮ್ಮ ಸಹಕಾರಕ್ಕೆ ಧನ್ಯವಾದ.' ಸಹಿ ಬಿತ್ತು.

ಹನ್ನೆರಡಕ್ಕೆ ರಜೆಚೀಟಿ ಹಿಡಿದು ಗಾಜಿನ ಕೋಣೆಗೆ ಹೋದಳು.

"ರಜೆ ತಗೊಳ್ಳಿ ಮೇಡಂ, ಯಾರು ಬೇಡ ಅಂದ್ರು? ಆದ್ರೆ ಮೊದಲು ಮೂರನೇ ನಂಬರ್ ರೂಮಲ್ಲಿ ಅರ್ಧ ಗಂಟೆ ಕೂತು ಹೋಗಿ," ಎಂದ ಮ್ಯಾನೇಜರ್.

"ಯಾಕೆ?"

"ಹೊಸ ಹುಡುಗೀರು ಕಣ್ಣು ಪರೀಕ್ಷೆ ಮಾಡೋದು ಕಲೀಬೇಕಲ್ಲ. ಅವರಿಗೆ ಪೇಷಂಟ್ ಆಗಿ ಕೂರ್ತೀನಿ ಅಂತ ನೀವೇ ಒಪ್ಕೊಂಡಿದ್ದೀರಿ. ಸಹಿ ಇದೆ. ಇಡೀ ಆಸ್ಪತ್ರೇಲಿ ನೀವೊಬ್ಬರೇ ಒಪ್ಪಿದ್ದು. ನಂಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ!"

"ನಾನ್ಯಾವಾಗ..." ಎಂದವಳು ಬಾಯಿ ಮುಚ್ಚಿಕೊಂಡಳು. ಓದದೆ ಸಹಿ ಹಾಕಿದೆ ಅನ್ನುವುದಕ್ಕಿಂತ ಅರ್ಧ ಗಂಟೆ ಕೂರುವುದು ಮೇಲು.

ಮೂರನೇ ರೂಮಿನಲ್ಲಿ ಅಕ್ಷರಗಳ ಫಲಕ ತೋರಿಸಿ ತರಬೇತಿಯ ಹುಡುಗಿ, "ಓದಿ ಮೇಡಂ," ಎಂದಳು. ಇವಳು ಮೊದಲ ಸಾಲಿನ ದೊಡ್ಡಕ್ಷರ ಹೇಳಿದಳು, ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಹೇಳಿದಳು, ಸುಮ್ಮನಾದಳು.

"ನಡುವಿಂದು?"

"ಬೇಕಾಗಿಲ್ಲ."

ಹುಡುಗಿ ಗಾಬರಿಯಾಗಿ ಪುಸ್ತಕದಲ್ಲಿ 'ನಡುವೆ ದೃಷ್ಟಿ ಇಲ್ಲ' ಎಂದು ಬರೆದುಕೊಂಡಳು. ಆಮೇಲೆ, "ತಲೆ ಹಿಂದಕ್ಕೆ ಹಾಕಿ, ಮೇಲೆ ನೋಡಿ," ಎಂದಳು. ಇವಳು ಸೂರು ನೋಡಿದಳು. ತಟಕ್ಕನೆ ತಣ್ಣಗಿನದೊಂದು ಹನಿ ಬಲಗಣ್ಣಿಗೆ ಬಿತ್ತು, ಇನ್ನೊಂದು ಎಡಗಣ್ಣಿಗೆ. ಹುಡುಗಿಯ ಗುರಿ ತಪ್ಪಿ ಮೂರನೆಯದು ಮೂಗಿನೊಳಗೆ ಹೋಯಿತು.

ಅವಳು ಕುರ್ಚಿಯಿಂದ ಪಟಾಕಿಯಂತೆ ಸಿಡಿದಳು. "ಏಯ್! ಅದು ಪಾಪೆ ಹಿಗ್ಗಿಸೋ ಡ್ರಾಪ್ಸ್ ಅಲ್ವಾ?"

"ಹೌದು ಮೇಡಂ. ಸಂಜೆ ತನಕ ಹತ್ತಿರದ್ದು ಕಾಣಲ್ಲ, ಏನೂ ಓದಬಾರದು..."

"ನಂಗೇ ಹೇಳ್ತೀಯಾ! ಒಂಬತ್ತು ವರ್ಷದಿಂದ ಅದನ್ನೇ ಹೇಳಿ ಹೇಳಿ ನಾಲಿಗೆ ಸವೆದಿದೆ! ನಾಳೆ ನಂಗೆ ಪರೀಕ್ಷೆ ಇದೆ ಕಣೇ!"

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಮೆತ್ತಗೆ, "ಸುತ್ತೋಲೆ ನಡುವೆ ಅದೂ ಬರೆದಿತ್ತಲ್ಲ ಅಕ್ಕಾ," ಎಂದ. ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ 'ಅಕ್ಕ' ಬಂದಿತ್ತು. ಅದಕ್ಕೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಕಪ್ಪು ಕನ್ನಡಕ ಹಾಕಿಕೊಂಡು, ಬಸ್ಸಿನ ನಂಬರನ್ನು ಮೂವರ ಹತ್ತಿರ ಕೇಳಿ, ಮೂವರನ್ನೂ ಬೈದು, ಅವಳು ಮನೆ ಸೇರಿದಾಗ ಎರಡೂವರೆ. ಪುಸ್ತಕ ತೆರೆದಳು. ಅಕ್ಷರಗಳು ಮಳೆಯಲ್ಲಿ ನೆನೆದ ಗುಬ್ಬಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

"ಅಮ್ಮಾ, ನೀನು ಓದು, ನಾನು ಉತ್ತರ ಹೇಳ್ತೀನಿ."

"ನಾನು ಒಂದೊಂದೇ ಅಕ್ಷರ ಕೂಡಿಸಿ ಓದೋದ್ರೊಳಗೆ ನಿನ್ನ ಪರೀಕ್ಷೆ ಮುಗಿದು ರಿಸಲ್ಟೂ ಬಂದಿರುತ್ತೆ. ತಾಳು, ಪಕ್ಕದ ಮನೆ ತಾತನ್ನ ಕರೀತೀನಿ."

"ಆ ತಾತ ಬೇಡ!"

ಬೇಡವೆಂದರೆ ಕೇಳುವ ಅಮ್ಮ ಯಾರಿಗಿದ್ದಾಳೆ?

ಪಕ್ಕದ ಮನೆಯವರು ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅಲ್ಲಿ ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ತಿದ್ದಬೇಕು. ಓದುವವನು ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು. ನಿವೃತ್ತಿಯಾದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಸಾಬೂನಿನ ಹೊದಿಕೆ ಸಿಕ್ಕರೂ ತಯಾರಕರ ವಿಳಾಸದವರೆಗೆ ಓದುತ್ತಿದ್ದರು. ಬೀದಿಯವರು ಅವರಿಗೆ ಅಲ್ಪವಿರಾಮ ತಾತ ಎಂದು ಹೆಸರಿಟ್ಟಿದ್ದರು. ಅವರ ಮಾತು ನಿಲ್ಲುವ ಜಾಗವನ್ನು ಯಾರೂ ಕಂಡಿರಲಿಲ್ಲ.

ತಾತ ಬಂದರು. ಅವರ ಬೆನ್ನಿಗೇ ಕೆಳಮನೆಯ ಟೈಲರ್ ಆಂಟಿ, ಕತ್ತಿನಲ್ಲಿ ಅಳತೆಪಟ್ಟಿ ಸಮೇತ, "ಏನು ನಡೀತಿದೆ ಇಲ್ಲಿ?" ಎಂದು ಬಂದು ಮಂಚದ ಮೇಲೆ ಕೂತೇಬಿಟ್ಟಳು.

"ಮೊದಲ ಸಾಲು, ಕೊನೇ ಸಾಲು ಮಾತ್ರ ಓದಿ ತಾತ," ಎಂದಳು ಅವಳು.

"ನಡುವಿನ ಸಾಲು ಏನು ಪಾಪ ಮಾಡಿತ್ತಮ್ಮ? ಅದನ್ನೂ ಯಾರೋ ಬೆರಳು ನೋಯಿಸ್ಕೊಂಡು ಅಚ್ಚಿಗೆ ಜೋಡಿಸಿರ್ತಾರೆ," ಎಂದು ತಾತ ಕನ್ನಡಕ ಏರಿಸಿದರು. "ಕಡಲ ದೀಪಸ್ತಂಭದ ಕಾವಲುಗಾರನ ಕೆಲಸ ಅಲ್ಪವಿರಾಮ ಹೊರಗಿನವರಿಗೆ ಸುಖದ ಕೆಲಸವೆಂದು ತೋರಬಹುದು ಪೂರ್ಣವಿರಾಮ." ಪೂರ್ಣವಿರಾಮಕ್ಕೊಂದು ಸಲ ಮೇಜಿನ ಮೇಲೆ ಬೆರಳಿಂದ ಕುಟ್ಟುತ್ತಿದ್ದರು.

"ತಾತ, ಚಿಹ್ನೆ ಬೇಡ!"

"ಚಿಹ್ನೆ ಇಲ್ಲದ ವಾಕ್ಯ ಗುಂಡಿ ಇಲ್ಲದ ಅಂಗಿ."

"ಹಾಗನ್ನಿ!" ಎಂದಳು ಟೈಲರ್ ಆಂಟಿ.

ಅವಳು ಮುಷ್ಟಿ ಬಿಗಿದು ಕೂತಳು. ಬೇರೆ ದಾರಿಯಿರಲಿಲ್ಲ, ಕಣ್ಣು ಹೋಗಿತ್ತು, ಕಿವಿ ಮಾತ್ರ ಉಳಿದಿತ್ತು. ನಡುಗಡ್ಡೆಯ ಇಬ್ಬರು ಕಾವಲುಗಾರರು, ಒಬ್ಬನ ಗೊರಕೆ, ಹನ್ನೊಂದು ತಿಂಗಳು ಇನ್ನೊಬ್ಬ ಮಾತು ಬಿಟ್ಟದ್ದು, ಎಲ್ಲವೂ ಅಲ್ಪವಿರಾಮ ಸಮೇತ ಕಿವಿಗೆ ಬಿತ್ತು.

"ಪ್ರಶ್ನೆ ಒಂದು. ಕಾವಲುಗಾರರ ನಡುವೆ ಮಾತು ನಿಲ್ಲಲು ಕಾರಣವೇನು ಪ್ರಶ್ನಾರ್ಥಕ?"

"ಗೊರಕೆ!" ಎಂದಳು ಅವಳು. ಅಂದವಳೇ ಬೆಚ್ಚಿದಳು. ಉತ್ತರ ನಡುವಿನ ಸಾಲಿನಲ್ಲಿತ್ತು. ಎರಡನೆಯ ಪ್ರಶ್ನೆಯದೂ ಅಲ್ಲೇ, ಮೂರನೆಯದೂ ಅಲ್ಲೇ. ಎರಡು ವರ್ಷ ಅವಳು ಕಾಳು ಬಿಟ್ಟು ಚೀಲದ ಬಾಯಿ, ತಳ ಮಾತ್ರ ನೆಕ್ಕಿದ್ದಳು!

ಆಮೇಲೆ ಲೆಕ್ಕ.

"ಹನ್ನೆರಡು ಜನ ಒಂದು ಗೋಡೆಯನ್ನು ಹದಿನೈದು ದಿನದಲ್ಲಿ ಕಟ್ಟುತ್ತಾರೆ ಪೂರ್ಣವಿರಾಮ. ಐದು ದಿನದ ನಂತರ ನಾಲ್ವರು ಬಿಟ್ಟುಹೋದರೆ ಅಲ್ಪವಿರಾಮ ಉಳಿದ ಕೆಲಸಕ್ಕೆ ಎಷ್ಟು ದಿನ ಬೇಕು ಪ್ರಶ್ನಾರ್ಥಕ?"

"ಮುಗಿಯಲ್ಲ," ಎಂದಳು ಟೈಲರ್ ಆಂಟಿ.

"ಆಂಟಿ, ಸುಮ್ನಿರಿ. ಹದಿನೈದು ದಿನ."

"ಹದಿನೈದು ತಿಂಗಳಾದ್ರೂ ಮುಗಿಯಲ್ಲ ಕಣೇ. ನಾಲ್ಕು ಜನ ಎದ್ದು ಹೋದ ಮೇಲೆ ಉಳಿದೋರು ಬಗ್ಗಿ ಕೆಲಸ ಮಾಡ್ತಾರಾ? ನನ್ನ ಅಂಗಡೀಲಿ ಒಬ್ಬಳು ಬಿಟ್ಟಿದ್ದಕ್ಕೆ ಮೂವರು ಹೊಲಿಗೆ ನಿಲ್ಲಿಸಿದ್ರು. ಮೊದಲು ಕೇಳು, ಆ ನಾಲ್ವರು ಯಾಕೆ ಹೋದ್ರು ಅಂತ."

"ಅದು ಪ್ರಶ್ನೇಲಿ ಇಲ್ಲ ಆಂಟಿ!"

"ಇಲ್ಲ ಅಂದ್ರೆ ಪ್ರಶ್ನೆ ಕೊಟ್ಟೋನಿಗೆ ಕೆಲಸ ಗೊತ್ತಿಲ್ಲ."

ಹೀಗೇ ಬೈಯುತ್ತ, ಬೈಸಿಕೊಳ್ಳುತ್ತ, ಐದೂವರೆಗೆ ಪತ್ರಿಕೆ ಮುಗಿಯಿತು. ತಾತ ಪುಸ್ತಕದ ಹಿಂದಿನ ಉತ್ತರಗಳೊಂದಿಗೆ ಒಂದೊಂದೇ ತಾಳೆ ನೋಡಿದರು. ಲೆಕ್ಕ ಹದಿನೇಳು. ಓದು ಹದಿನೆಂಟು.

"ಹದಿನೆಂಟಾ? ಇನ್ನೊಂದ್ಸಲ ನೋಡಿ ತಾತ."

"ನಲವತ್ತು ವರ್ಷದಲ್ಲಿ ನಂಗೆ ಯಾರೂ ಇನ್ನೊಂದ್ಸಲ ನೋಡಿ ಅಂದಿಲ್ಲ. ಹದಿನೆಂಟೇ."

ಬೆಳಗ್ಗಿಂದ ಕುದಿಯುತ್ತಿದ್ದ ಸಿಟ್ಟು ಮೊದಲ ಬಾರಿ ತಣ್ಣಗಾಯಿತು. ಈ ಅಂಕಕ್ಕೆ ಸೀಟು ಖಂಡಿತ. ಅಮ್ಮ ಟೀ ತಂದಳು. ಅವಳು ಗೋಡೆಯ ಕಡೆ ಕೈ ತೋರಿಸಿ, "ನಾಳೆ ಬರೆದು ಬಂದ ಮೇಲೆ ಮೊದಲ ಕೆಲಸ, ಆ ದರಿದ್ರದ ಪತ್ರ ಹರಿದು ಒಲೆಗೆ ಹಾಕೋದು," ಎಂದಳು.

ಬರೆದದ್ದು ಎಲ್ಲೇ ಕಂಡರೂ ಬಿಡುವ ಪೈಕಿಯವರಲ್ಲ ತಾತ. ಟೀ ಲೋಟ ಹಿಡಿದೇ ಎದ್ದು ಗೋಡೆಯ ಹತ್ತಿರ ಹೋದರು. "ಯಾರಮ್ಮ ಇದನ್ನ ಹೀಗೆ ಮಡಚಿದ್ದು?" ಎಂದು ಪತ್ರ ಕಿತ್ತು, ಮಡಿಕೆ ಬಿಚ್ಚಿದರು.

"ಈ ಬಾರಿ ಒಂದೊಂದು ಸೀಟಿಗೂ ಅರವತ್ತು ಅರ್ಜಿಗಳು ಬಂದಿದ್ದವು ಪೂರ್ಣವಿರಾಮ. ಆದರೂ ಅಲ್ಪವಿರಾಮ..."

"ಆದರೂ?" ಎಂದಳು ಅವಳು.

"ಆದರೂ ಅಲ್ಪವಿರಾಮ ಕಾಯುವವರ ಪಟ್ಟಿಯಲ್ಲಿ ಮೊದಲಿಗರಾಗಿದ್ದ ನಿಮಗೆ ಅಲ್ಪವಿರಾಮ ತೆರವಾದ ಒಂದು ಸೀಟನ್ನು ನೀಡಲು ಸಂತೋಷಪಡುತ್ತೇವೆ ಪೂರ್ಣವಿರಾಮ. ಹದಿನೈದು ದಿನದೊಳಗೆ ಮೂಲ ದಾಖಲೆಗಳೊಂದಿಗೆ ಬಂದು ಸೇರಿಕೊಳ್ಳಿ ಪೂರ್ಣವಿರಾಮ. ನಿಮ್ಮ ಮುಂದಿನ ಬದುಕಿಗೆ ಶುಭ ಹಾರೈಸುತ್ತೇವೆ ಪೂರ್ಣವಿರಾಮ."

ಟೈಲರ್ ಆಂಟಿಯ ಬಾಯಿ ಕೂಡ ಮುಚ್ಚಿತ್ತು, ಅದೊಂದು ಪವಾಡ. ಅವಳು ಮಾತ್ರ ಪತ್ರವಿದ್ದ ಜಾಗದ ಬಿಳಿ ಕಲೆಯನ್ನೇ ನೋಡುತ್ತಿದ್ದಳು. ಒಂದು ವರ್ಷ. ಒಂದು ವರ್ಷ ದಿನಾ ಬೆಳಗ್ಗೆ ತನ್ನ ಸೀಟನ್ನು ತಾನೇ ದುರುಗುಟ್ಟಿ ನೋಡಿ, ಅದನ್ನೇ ಶಪಿಸಿ, ಅದನ್ನು ಪಡೆಯಲು ಓದಿದ್ದಳು!

"ಆ ಶಾರ್ಟ್‌ಕಟ್ ಮೇಷ್ಟ್ರು ಕೈಗೆ ಸಿಗ್ಲಿ," ಎಂದು ಹಲ್ಲು ಕಡಿದಳು. "ಅವರ ಸೀಮೆಸುಣ್ಣಾನ ಅವರಿಗೇ ತಿನ್ನಿಸ್ತೀನಿ!"

"ಹೋಗ್ಲಿ ಬಿಡೇ," ಎಂದು ಅಮ್ಮ ಬೆನ್ನು ಸವರಿದಳು. "ಆಗಿದ್ದು ಆಯ್ತು. ನಾಳೆ ಪರೀಕ್ಷೆ ಇದೆ, ಹದಿನೆಂಟು ಬಂದಿದೆ. ಈ ಸಲ ಬರೋ ಪತ್ರ ತಾತನ ಕೈಲೇ ಓದಿಸೋಣ."

"ತಾಳಮ್ಮ," ಎಂದರು ತಾತ, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು. "ಸಹಿಯ ಕೆಳಗೆ ಸಣ್ಣಕ್ಷರದಲ್ಲಿ ಏನೋ ಇದೆ. ಕೊಟ್ಟ ಸೀಟಿಗೆ ಬಾರದೆ ಉಳಿದವರನ್ನು ಅಲ್ಪವಿರಾಮ ಅವರು ಮತ್ತೆ ಪರೀಕ್ಷೆ ಬರೆದರೂ ಅಲ್ಪವಿರಾಮ ಮುಂದೆ ಪ್ರವೇಶಕ್ಕೆ ಪರಿಗಣಿಸುವುದಿಲ್ಲ."

"ಸುಳ್ಳು! ಹಾಲ್ ಟಿಕೆಟ್ ಕೊಟ್ಟಿದ್ದಾರಲ್ಲ!"

"ಬರೀಬೇಡಿ ಅಂತ ಇಲ್ಲಮ್ಮ. ಬರೀಬಹುದು. ಸೇರಿಸ್ಕೊಳ್ಳಲ್ಲ ಅಂತಿದೆ."

"ನೀವೇ ಸೇರಿಸಿ ಓದ್ತಿದ್ದೀರಾ! ಕೊಡಿ ಇಲ್ಲಿ!" ಎಂದು ಅವಳು ಹಾಳೆ ಕಿತ್ತುಕೊಂಡಳು. ಮೂಗಿಗೆ ಹಿಡಿದಳು, ತೋಳುದ್ದ ಹಿಡಿದಳು, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಲ್ಲಿ ನೀರು ಸುರಿಸಿಕೊಂಡಳು. ಎಷ್ಟೋ ಕಾಲದ ಮೇಲೆ ಒಂದು ಪತ್ರವನ್ನು ಪೂರ್ತಿ ಓದಬೇಕೆನಿಸಿತ್ತು. ಒಂದಕ್ಷರವೂ ಕಾಣಲಿಲ್ಲ.

ಸೋತು ಹಾಳೆಯನ್ನು ತಾತನಿಗೆ ಚಾಚಿದಳು. "ಇನ್ನೊಂದ್ಸಲ ಓದಿ."

"ಅದೇ ಇರೋದಮ್ಮ. ಆಗ ಒಂದು ಬಿಟ್ಟಿದ್ದೆ, ಅಷ್ಟೇ."

"ಏನು?" ಎಂದಳು ಅವಳು, ಇನ್ನೂ ಒಂದು ಕಡ್ಡಿಯಷ್ಟು ಆಸೆಯಿಂದ.

ತಾತ ಕನ್ನಡಕ ತೆಗೆದು, ಮೇಜಿನ ಮೇಲೆ ಬೆರಳಿಂದ ಒಮ್ಮೆ ಕುಟ್ಟಿದರು.

"ಪೂರ್ಣವಿರಾಮ."