ಚಮಚ ಕೊಕ್ಕಿನ ಹಕ್ಕಿ

ಇಷ್ಟಕ್ಕೆಲ್ಲ ಕಾರಣ ಒಂದು ಚಿಟಿಕೆ ಕೆಸರು.

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಡೆಸ್ಮಂಡ್ ಪೋಲ್ಗ್ರೀನ್, ಅಡಿಲೇಡಿನಿಂದ ಬಲು ದೂರದ ಪೋರ್ಟ್ ಹ್ಯಾಲರನ್ ಊರಾಚೆಯ ಕೊಳಚೆ ನೀರಿನ ಹೊಂಡಗಳ ದಂಡೆಯಲ್ಲಿ ಮೂಗು ಮುಚ್ಚಿಕೊಳ್ಳದೆ ಕೂತಿದ್ದ. ಹಕ್ಕಿ ನೋಡುವವರಿಗೆ ಆ ವಾಸನೆ ಮಲ್ಲಿಗೆ ತೋಟದ್ದು. ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಿದ್ದ ಅವನಿಗೆ ಐವತ್ತಾರು ವರ್ಷ. ಊರಿನ ಹಕ್ಕಿ ಸಂಘಕ್ಕೆ ಸೇರಿ ಇಪ್ಪತ್ತು ವರ್ಷವಾಗಿತ್ತು. ಆದರೆ ಒಂದಾದರೂ ಅಪರೂಪದ ಹಕ್ಕಿ ಅವನ ಕಣ್ಣಿಗೆ ಮೊದಲು ಬಿದ್ದದ್ದಿಲ್ಲ. ಬೇರೆಯವರು "ಅಗೋ" ಎಂದು ಬೆರಳು ತೋರಿಸಿದ ಮೇಲೆ ಇವನು ದುರ್ಬೀನು ಎತ್ತುವನು. ಅಷ್ಟರಲ್ಲಿ ಕೊಂಬೆ ಮಾತ್ರ ಅಲ್ಲಾಡುತ್ತಿರುತ್ತಿತ್ತು.

ಕೆಸರಿನಲ್ಲಿ ನೂರಾರು ಪುಟ್ಟ ಉಲ್ಲಂಕಿ ಹಕ್ಕಿಗಳು ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕು ಕುಟ್ಟುತ್ತಿದ್ದವು. ಅವುಗಳಲ್ಲಿ ಒಂದರ ಕೊಕ್ಕಿನ ತುದಿ ಚಮಚದಂತೆ ಅಗಲವಾಗಿತ್ತು. ಡೆಸ್ಮಂಡ್ ದುರ್ಬೀನು ಸರಿಮಾಡಿ ಮತ್ತೆ ನೋಡಿದ. ಚಮಚ ಕೊಕ್ಕಿನ ಉಲ್ಲಂಕಿ. ಲೋಕದಲ್ಲೇ ಕೆಲವು ನೂರು ಉಳಿದಿರುವ ಹಕ್ಕಿ. ಅದು ಈ ಕೊಲ್ಲಿಯ ಕಡೆ ತಲೆ ಹಾಕಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಸಂಘದವರಿಗೆಲ್ಲ ಮೊಬೈಲಿನಲ್ಲಿ ಸುದ್ದಿ ಕಳಿಸಿದ.

ಸುದ್ದಿ ಹೋದ ಮರುಕ್ಷಣ ಹಕ್ಕಿ ಕೊಕ್ಕನ್ನು ನೀರಿಗೆ ಅದ್ದಿ ಒಮ್ಮೆ ಕೊಡವಿತು. ಚಮಚ ಕಳಚಿ ಬಿತ್ತು. ಅದು ಅಂಟಿದ್ದ ಕೆಸರು. ಉಳಿದದ್ದು ದಿನಾ ಕಾಣುವ ಹಕ್ಕಿ.

ತಪ್ಪಾಯಿತೆಂದು ಬರೆಯಲು ಅವನು ಫೋನು ಎತ್ತಿದ. ಅಷ್ಟರಲ್ಲೇ ಉತ್ತರಗಳು ಬರತೊಡಗಿದ್ದವು. "ಭೇಷ್ ಡೆಸ್." "ಇಪ್ಪತ್ತು ವರ್ಷ ಕಾದಿದ್ದು ಸಾರ್ಥಕ ಆಯ್ತು ಬಿಡು." "ಅಲ್ಲೇ ಇರು, ಬಂದ್ವಿ." ಇಂಥ ಮಾತು ಅವನಿಗೆ ಯಾರೂ ಆಡಿರಲಿಲ್ಲ. ಮೂರು ಸಲ ಓದಿದ. ನಾಲ್ಕನೆಯ ಸಲ ಓದುವಷ್ಟರಲ್ಲಿ ಎರಡು ಕಾರು ಬಂದು ನಿಂತವು.

ಮೊದಲು ಇಳಿದವರು ಸಂಘದ ಅಧ್ಯಕ್ಷೆ ಮಾರ್ಜರಿ ಟ್ರೆಲೋರ್. ಮೂರನೇ ಕ್ಲಾಸಿನಲ್ಲಿ ಡೆಸ್ಮಂಡನಿಗೆ ಪಾಠ ಹೇಳಿದವರು. ಅವರ ಮುಂದೆ ನಿಂತರೆ ಈಗಲೂ ಅವನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

"ಎಲ್ಲಿ ಡೆಸ್ಮಂಡ್?"

"ಹಾರಿಹೋಯ್ತು, ಮಿಸ್."

"ಯಾವ ಕಡೆ?"

ಅವನ ಕೈ ಬೆನ್ನ ಹಿಂದಿನಿಂದ ಬಂದು ಉತ್ತರ ದಿಕ್ಕನ್ನು ತೋರಿಸಿತು. ಉತ್ತರಕ್ಕೆ ಇದ್ದದ್ದು ಕೆಂಪು ಮಣ್ಣು, ಕುರುಚಲು ಗಿಡ, ಬಿಸಿಲು.

"ನೀರಿನ ಹಕ್ಕಿ ಮರಳುಗಾಡಿಗೆ ಯಾಕಯ್ಯ ಹೋಗತ್ತೆ?" ಎಂದ ಮಾಂಸದಂಗಡಿಯ ಕೀತ್ ಶುಲ್ಟ್ಸ್.

ಇನ್ನು ಹುಡುಕಾಟ ನಿಲ್ಲುತ್ತದೆಂದು ಡೆಸ್ಮಂಡನಿಗೆ ಜೀವ ಬಂದಂತಾಯಿತು. ಅದನ್ನು ಕೆಡಿಸಿದವಳು ಟಪಾಲಿನ ಲೊರೇನ್. "ಹೋದ ತಿಂಗಳ ಮಳೆಗೆ ಕುರಿ ಫಾರಮ್ಮಿನ ಆಚೆ ಉಪ್ಪಿನ ಕೆರೆ ತುಂಬಿದೆ. ಕಾಗದ ಕೊಡೋಕೆ ಹೋದಾಗ ನಾನೇ ನೋಡಿದೀನಿ."

ಏಳು ಜನ ಡೆಸ್ಮಂಡನನ್ನು ನಡುವೆ ಕೂರಿಸಿಕೊಂಡು ತೊಂಬತ್ತು ಕಿಲೋಮೀಟರು ಹೋದರು.

ಕೆರೆಯ ಬಳಿ ನೊಣಗಳು ಬೀಗರಂತೆ ಎದುರುಗೊಂಡವು. ಮಾರ್ಜರಿ ಟೆಲಿಸ್ಕೋಪಿಗೆ ಕಣ್ಣಿಟ್ಟು ಅಲ್ಲಾಡದೆ ನಿಂತರು. ಕಾಲು ಗಂಟೆಯಾಯಿತು.

"ಹ್ಞೂಂ. ಅಲ್ಲಿದೆ," ಎಂದರು. "ಆ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಯ ಹಿಂದೆ. ಈಗ ಮರೆಯಾಯ್ತು."

ಡೆಸ್ಮಂಡನ ಬಾಯಿ ತೆರೆದೇ ಉಳಿಯಿತು. ಕೀತ್ ಬಗ್ಗಿ ನೋಡಿದ. "ನಂಗೂ ಕಂಡ ಹಾಗಾಯ್ತು."

"ಕಂಡ ಹಾಗೋ, ಕಂಡಿತೋ?"

"ಕಂಡಿತು, ಮಾರ್ಜರಿ."

ಡೆಸ್ಮಂಡ್ ನೋಡಿದ. ಉಪ್ಪು ನೀರು, ಮೆಟ್ಟುಗಾಲು ಹಕ್ಕಿ, ಅದರ ನೆರಳು. ಬೇರೇನೂ ಇರಲಿಲ್ಲ. ಆದರೆ ಮಾರ್ಜರಿ ಟ್ರೆಲೋರ್ ಸುಳ್ಳು ಹೇಳಿದ್ದನ್ನು ಅವನು ಕಂಡಿರಲಿಲ್ಲ. ಹಾಗಾದರೆ ನಿಜವಾಗಿ ಒಂದು ಬಂದಿರಬಹುದೇ? ಕೆಸರು ಹತ್ತಿದ ಹಕ್ಕಿಯ ಪಕ್ಕದಲ್ಲೇ ಅಸಲಿ ಹಕ್ಕಿ ಇದ್ದು, ತನ್ನ ಕಣ್ಣಿಗೆ ಬೀಳದೆ ಹೋಯಿತೇ? ಭಯ ಹಿಂದೆ ಸರಿದು ಕುತೂಹಲ ಹತ್ತಿಕೊಂಡಿತು.

"ಕರಾವಳಿ ಕಡೆ ತಿರುಗ್ತು," ಎಂದು ಮಾರ್ಜರಿ ಹೇಳಿದಾಗ ಕಾರಿಗೆ ಮೊದಲು ಓಡಿದವನು ಡೆಸ್ಮಂಡನೇ.

ಮಧ್ಯಾಹ್ನ, ಸಮುದ್ರದಂಚಿನ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜೌಗಿನಲ್ಲಿ ಅವನು ಹೊಟ್ಟೆಯ ಮೇಲೆ ತೆವಳಿದ. ಕೆಸರು ಅವನ ಎಡಗಾಲಿನ ಬೂಟು ನುಂಗಿತು. ಲೊರೇನ್‌ಗೆ ಒಣ ದಂಡೆಯ ಮೇಲೆ ನಿಂತಲ್ಲೇ ಹಕ್ಕಿ ಕಂಡಿತು. ಅವಳ ಜತೆಗಿದ್ದ ಇಬ್ಬರಿಗೂ ಕಂಡಿತು.

"ಎಲ್ಲಿ, ಎಲ್ಲಿ?" ಎಂದು ಇವನು ಕೆಸರಿನಿಂದಲೇ ಕೂಗಿದ.

"ನೀನು ಕೂಗಿದ್ದಕ್ಕೇ ಹಾರ್ತು ನೋಡು," ಎಂದಳು ಲೊರೇನ್.

ಸಂಜೆ ಐದಕ್ಕೆ ಸಮುದ್ರ ತೀರದಲ್ಲಿ ಉಳಿದಿದ್ದ ಇಬ್ಬರಿಗೂ ಕಂಡಿತು. ಅವರಲ್ಲಿ ಒಬ್ಬನ ಬಾಯಲ್ಲಿ ಆಗ ಮಾಂಸದ ಪೈ ಇತ್ತು. ಕಣ್ಣು ಪೈ ಮೇಲೆಯೇ ಇತ್ತು. ಅದನ್ನು ಡೆಸ್ಮಂಡ್ ಹತ್ತಿರದಿಂದ ನೋಡಿದ. ಕುತೂಹಲ ಅಲ್ಲಿಗೆ ಮುಗಿಯಿತು.

ಒಂದು ಬೂಟಿನಲ್ಲಿ ಎದ್ದು ನಿಂತು, ಕೈ ಬೆನ್ನ ಹಿಂದೆ ಕಟ್ಟಿ, "ಮಿಸ್, ನಾನು ಆ ಹಕ್ಕೀನ ನೋಡೇ ಇಲ್ಲ," ಎಂದ. ಬೆಳಗ್ಗೆ ನಡೆದದ್ದನ್ನೆಲ್ಲ ಹೇಳಿದ. "ತಕ್ಷಣ ಹೇಳ್ಬೇಕಿತ್ತು. ನೀವೆಲ್ಲ ಹೊಗಳಿಬಿಟ್ರಿ, ಆಸೆ ಆಯ್ತು."

ಅಲೆ ಬಂತು, ಹೋಯಿತು. ಏಳು ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೊನೆಗೆ ಮಾರ್ಜರಿ ಚೀಲದಿಂದ, ಅಪರೂಪದ ಹಕ್ಕಿ ಕಂಡವರ ಹೆಸರು ಬರೆದಿಡುವ ಸಂಘದ ಪುಸ್ತಕ ತೆಗೆದರು.

"ನಿಜ ಹೇಳ್ದೆಯಲ್ಲ, ಮೆಚ್ಚಿದೆ," ಎಂದರು. "ನಿನಗೆ ಕಾಣಲಿಲ್ಲ. ನಮಗೆ ಏಳು ಜನಕ್ಕೆ ಕಾಣ್ತು. ಅದಕ್ಕೆ ನಾವೇನು ಮಾಡೋಕಾಗತ್ತೆ?" ಎಂದು, ಬೆಳಗ್ಗೆಯೇ ಬರೆದಿದ್ದ ಅವನ ಹೆಸರಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಏಳು ಹೆಸರು ಬರೆದರು.

"ಮನಸ್ಸಿಗೆ ಹಚ್ಕೋಬೇಡ," ಎಂದು ಕೀತ್ ಬೆನ್ನು ತಟ್ಟಿದ. "ಎಲ್ಲರ ಕಣ್ಣೂ ಒಂದೇ ಥರ ಇರಲ್ಲ."

ಡೆಸ್ಮಂಡ್ ಕುಂಟುತ್ತ ಹೋಗಿ ಕಾರಿಗೆ ಒರಗಿ ನಿಂತ. ಅಪರೂಪದ ಹಕ್ಕಿ ಕಂಡವರು ಅದರ ವಿವರ ಬರೆದು ಸಹಿ ಹಾಕಿ ಅಡಿಲೇಡಿನ ಸಮಿತಿಗೆ ಕಳಿಸಬೇಕು. ಮಾರ್ಜರಿ ಅದರ ಅರ್ಜಿಗಳನ್ನು ಹಂಚಿ ಎರಡು ನಿಮಿಷವಾಗಿರಲಿಲ್ಲ, ಕೀತ್ ಬಂದು ಸಿಗರೇಟು ಹಚ್ಚುವವನಂತೆ ಬಗ್ಗಿದ.

"ಡೆಸ್, ಅದರ ಕಾಲು ಯಾವ ಬಣ್ಣ ಇತ್ತು?"

"ಕಪ್ಪು," ಎಂದ ಡೆಸ್ಮಂಡ್.

ಕೀತ್ ಹೋದ. ಲೊರೇನ್ ಬಂದಳು. "ಹೊಟ್ಟೆ ಬಿಳಿ ತಾನೆ? ಬರೀ ಕೇಳ್ದೆ." ಅವಳ ಹಿಂದೆ ಪೈ ತಿಂದವನು ಬಂದ. ಒಬ್ಬರು ಹೋಗುವುದನ್ನೇ ಇನ್ನೊಬ್ಬರು ಕಾಯುತ್ತಿದ್ದರು.

ಎಲ್ಲರಿಗಿಂತ ಕೊನೆಗೆ ಮಾರ್ಜರಿ ಟ್ರೆಲೋರ್ ಕಾರಿನ ಮರೆಗೆ ಬಂದರು. ಅತ್ತಿತ್ತ ನೋಡಿ, ಕನ್ನಡಕ ಏರಿಸಿ, ಪೆನ್ನಿನ ಮುಚ್ಚಳ ತೆಗೆದರು.

"ಕೂಗು ಹೇಗಿತ್ತು, ಡೆಸ್ಮಂಡ್? ಸ್ವಲ್ಪ ನಿಧಾನವಾಗಿ ಹೇಳಪ್ಪ, ಬರ್ಕೊಳ್ತಾ ಇದೀನಿ."