ಜೊಲ್ಲು ಬೀಳದ ಹಟ್ಟಿ

ಸುಳ್ಯದ ಸುತ್ತ ಇಪ್ಪತ್ತು ವರ್ಷದಿಂದ ದನಗಳಿಗೆ ಮದ್ದು ಮಾಡುತ್ತಿದ್ದೇನೆ. ನನಗೆ ಸಿಟ್ಟು ಬರಿಸಿದ ದನ ಇಷ್ಟರವರೆಗೆ ಒಂದೂ ಇಲ್ಲ. ಸಾಕುವವರು ಮಾತ್ರ ದಿನಕ್ಕೊಬ್ಬರು ಸಿಗುತ್ತಾರೆ. ಅಜ್ಜಾವರದ ಯಜಮಾನರೊಬ್ಬರಂತೂ ನನಗೆ ಬಿಪಿ ಮಾತ್ರೆ ಶುರು ಮಾಡಿಸಿದವರು.

ಟೈಲ್ಸಿನ ಕಾಯಿಲೆ

"ಡಾಕ್ಟ್ರೇ, ದನದ ಬಾಯಲ್ಲಿ ಜೊಲ್ಲೇ ಜೊಲ್ಲು, ಬೇಗ ಬನ್ನಿ" ಎಂದು ಫೋನು ಮಾಡಿದರು. ಕಾಲುಬಾಯಿ ಜ್ವರವೇ ಇರಬೇಕೆಂದು ಊಟ ಬಿಟ್ಟು ಓಡಿದೆ. ದನ ಆರಾಮವಾಗಿ ಮಲಗಿ ಮೆಲುಕು ಹಾಕುತ್ತಿತ್ತು. ಬಾಯಿ ಬಿಡಿಸಿ ನೋಡಿದೆ, ಒಂದು ಹುಣ್ಣೂ ಇಲ್ಲ.

"ಇದಕ್ಕೆ ಎಂತ ಆಗಿದೆ ಮಾರಾಯ್ರೆ?"

"ಅದಕ್ಕೆ ಎಂತ ಆಗ್ಲಿಲ್ಲ. ಹಟ್ಟಿಗೆ ಹೊಸ ಟೈಲ್ಸ್ ಹಾಕಿದ್ದು, ಅದು ಹಾಳಾಗ್ತಾ ಉಂಟು. ಜೊಲ್ಲು ನಿಲ್ಲಿಕ್ಕೆ ಇಂಜೆಕ್ಷನ್ ಇಲ್ವಾ?"

ಅರ್ಧ ಪಾಠ

ಹಲ್ಲು ಕಚ್ಚಿಕೊಂಡು ತಿಳಿಸಿ ಹೇಳಿದೆ. ದನದ ಜೊಲ್ಲೆಂದರೆ ಸೋಡಾ ಪುಡಿ ಇದ್ದ ಹಾಗೆ, ಹೊಟ್ಟೆಯ ಹುಳಿಯನ್ನು ಅದೇ ತಗ್ಗಿಸುವುದು. ಬೈಹುಲ್ಲು ಜಗಿದಷ್ಟೂ ಜೊಲ್ಲು ಜಾಸ್ತಿ. ಯಜಮಾನರ ತಲೆಗೆ ಹೋದದ್ದು ಕೊನೆಯ ವಾಕ್ಯ ಒಂದೇ. ಮರುದಿನವೇ ಬೈಹುಲ್ಲು ಬಂದ್, ಬರೀ ನೆನೆಸಿದ ಹಿಂಡಿ. ವಾರ ಬಿಟ್ಟು ನಾನು ಹೋದಾಗ ಹಾಲು ಅರ್ಧಕ್ಕಿಳಿದಿತ್ತು.

"ಹಾಲು ಕಮ್ಮಿ ಆದ್ರೂ ನೆಲ ನೋಡಿ, ಎಷ್ಟು ಚಂದ ಹೊಳೀತದೆ" ಎಂದರು.

"ಹಾಗಾದ್ರೆ ನಾಳೆಯಿಂದ ಚಾಯಕ್ಕೆ ಟೈಲ್ಸಿನ ಹಾಲೇ ಹಾಕಿ!" ಎಂದು ಕಿರುಚಿ ಬಂದೆ.

ಬಿಸಾಡಿದರೆ ಪಾಪ

ತಿಂಗಳ ನಂತರ ಅವರ ಹೆಂಡತಿಯ ಫೋನು. ಮಗಳ ಸೀಮಂತದಲ್ಲಿ ಉಳಿದ ಅನ್ನ, ಪಾಯಸವನ್ನು ಯಜಮಾನರು ದನಕ್ಕೆ ಸುರಿದಿದ್ದರು. ಅದು ಹೊಟ್ಟೆಯಲ್ಲಿ ಹುಳಿಯೇರಿ ದನ ನೆಲ ಹಿಡಿದಿತ್ತು. ಬಾಯಿ ಒಣಗಿತ್ತು, ಹೊಟ್ಟೆ ಅಲ್ಲಾಡುತ್ತಿರಲಿಲ್ಲ. ಕರುವಾಗಿದ್ದಾಗಿನಿಂದ ಅದನ್ನು ಸಾಕಿದ ಯಜಮಾನರ ಹೆಂಡತಿ ಅದರ ಕೊರಳು ಹಿಡಿದು ಅಳುತ್ತಿದ್ದರು.

"ಅನ್ನ ಬಿಸಾಡಿದ್ರೆ ಪಾಪ ಅಲ್ವಾ ಡಾಕ್ಟ್ರೇ?" ಎಂದರು ಯಜಮಾನರು.

"ದನ ಕೊಂದ್ರೆ ಎಂತ, ಪುಣ್ಯವಾ?"

ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಡ್ರಿಪ್ ಹಾಕಿದೆ, ಸೋಡಾ ಪುಡಿ ಕಲಸಿ ಕುಡಿಸಿದೆ. ಬದುಕುತ್ತದೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಹೋದಾಗ ದನ ಎದ್ದು ನಿಂತಿತ್ತು. ಬಾಯಿ ಆಡುತ್ತಿತ್ತು, ಟೈಲ್ಸಿನ ಮೇಲೆ ಉದ್ದಕ್ಕೆ ಜೊಲ್ಲು. "ಜೊಲ್ಲು ಬಂತು ಡಾಕ್ಟ್ರೇ, ಜೊಲ್ಲು ಬಂತು!" ಎಂದು ಯಜಮಾನರು ಕುಣಿದರು. ಅವರ ಹೆಂಡತಿ ಕಣ್ಣೊರೆಸಿಕೊಂಡು ನಕ್ಕರು. ನನಗೂ ಸಿಟ್ಟು ಇಳಿಯಿತು.

ಅಷ್ಟರಲ್ಲಿ ಯಜಮಾನರು ಒಳಗೆ ಓಡಿ, ಫ್ರಿಜ್ಜಿನಲ್ಲಿದ್ದ ಪಾಯಸದ ಪಾತ್ರೆ ಹಿಡಿದುಕೊಂಡು ಬಂದರು.

"ಖುಷಿಗೆ ಇದಕ್ಕೆ ಒಂದೇ ಒಂದು ಗ್ಲಾಸು ಕೊಡುವನಾ ಡಾಕ್ಟ್ರೇ?"

ಪಾತ್ರೆ ಕಿತ್ತುಕೊಂಡೆ. ಇವರ ಮನೆಯಲ್ಲಿ ಒಂದು ತೊಟ್ಟು ಉಳಿಸಿದರೂ ಅಪಾಯವೆಂದು ಅಲ್ಲೇ ನಿಂತು ಅಷ್ಟನ್ನೂ ನಾನೇ ಕುಡಿದು ಮುಗಿಸಿದೆ. ಸುಳ್ಯಕ್ಕೆ ತಲುಪುವ ಮೊದಲೇ ಹೊಟ್ಟೆ ಉರಿ ಶುರುವಾಯಿತು. ದನಕ್ಕೆ ಕೊಟ್ಟು ಮಿಕ್ಕಿದ್ದ ಸೋಡಾ ಪುಡಿ ಬ್ಯಾಗಿನಲ್ಲಿತ್ತು, ಪುಣ್ಯಕ್ಕೆ.