ಪೀಪಾಯಿ ಟೋರ್ಕೆಲನ ಮಗ

ನಾರ್ವೆಯ ಆ ದ್ವೀಪದಲ್ಲಿ ಹನ್ನೊಂದು ಮನೆ, ಹನ್ನೊಂದು ಟೋರ್ಕೆಲ್. ಹಿಂದೊಮ್ಮೆ ಟೋರ್ಕೆಲ್ ಎಂಬ ಮುದುಕ ಬಿರುಗಾಳಿಯಲ್ಲಿ ಊರಿನ ದೋಣಿಗಳನ್ನೆಲ್ಲ ದಡ ಸೇರಿಸಿದನಂತೆ. ಅಂದಿನಿಂದ ಮನೆಗೊಬ್ಬನಿಗೆ ಅವನ ಹೆಸರೇ. ಕೃತಜ್ಞತೆಯೇನೋ ಸರಿ, ಒಮ್ಮೆ ಕರೆದರೆ ಹನ್ನೊಂದು ಮಂದಿ ಓಗೊಡುತ್ತಿದ್ದರು. ಅದಕ್ಕೇ ಗುರುತಿಗೆಂದು ಊರು ಅಡ್ಡಹೆಸರು ಅಂಟಿಸಿತ್ತು: ಮೂಗು ಟೋರ್ಕೆಲ್, ಎರಡು ಹಸು ಟೋರ್ಕೆಲ್. ನಮ್ಮವನು ಹದಿನಾರರ ವಯಸ್ಸಿನಲ್ಲಿ ಉಪ್ಪುಮೀನಿನ ಪೀಪಾಯಿಗೆ ತಲೆಕೆಳಗಾಗಿ ಬಿದ್ದು ಪೀಪಾಯಿ ಟೋರ್ಕೆಲ್ ಆದ. ಮದುವೆಯ ದಿನ ಪಾದ್ರಿಗಳೂ ಹಾಗೇ ಕರೆದಿದ್ದರು.

ಮಗ ಹುಟ್ಟಿದಾಗ ಈ ಪಾಡು ಅವನಿಗೆ ಬೇಡವೆಂದು ಹೆಂಡತಿ ರಾಗ್ನಾಳ ಮುಂದೆ ಆಣೆ ಮಾಡಿದ. ಸ್ಮಶಾನದ ಪಾಚಿಗಟ್ಟಿದ ಕಲ್ಲೊಂದರಲ್ಲಿ ಐವಿಂದ್ ಎಂಬ ಹೆಸರು ಸಿಕ್ಕಿತು. ಬದುಕಿರುವ ಯಾರಿಗೂ ಇಲ್ಲದ ಹೆಸರು. ಊರಿಗೆ ಒಬ್ಬನೇ ಐವಿಂದ್ ಆದರೆ ಅಡ್ಡಹೆಸರಿನ ಗೊಡವೆಯಿಲ್ಲ.

ಚರ್ಚಿನಲ್ಲಿ ತಲೆಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನದ ತನಕ ಹೆಸರು ಹೊರಬೀಳಬಾರದು, ಅದು ಪದ್ಧತಿ. ಆದರೆ ಪಾದ್ರಿಗಳಿಗೆ ಹೆಸರು ಹೇಳುವವಳು ಮಗುವನ್ನು ಎತ್ತಿ ನಿಲ್ಲುವ ಗುನ್‌ಹಿಲ್ಡ್ ಚಿಕ್ಕಮ್ಮ. ಭಾನುವಾರ ಬೆಳಿಗ್ಗೆ ವಿಧಿಯಿಲ್ಲದೆ ಅವಳ ಕಿವಿಗೆ ಹಾಕಿದ.

“ಯಾರ ಹತ್ರಾನೂ ಬಾಯಿ ಬಿಡ್ಬೇಡ ಚಿಕ್ಕಮ್ಮ.”

“ನನಗೆ ಹೇಳಿದ್ದು ಸಮುದ್ರಕ್ಕೆ ಹಾಕಿದ ಹಾಗೆ ಕಣೋ.”

ಸಮುದ್ರ ದಿನಕ್ಕೆರಡು ಸಲ ಎಲ್ಲವನ್ನೂ ದಡಕ್ಕೆ ಎಸೆಯುತ್ತದೆಂಬುದನ್ನು ಆ ಬೆಸ್ತ ಮರೆತ.

ಚಿಕ್ಕಮ್ಮ ಮಗುವಿನೊಂದಿಗೆ ಮುಂದೆ ಹೋದಳು. ಹಿಂದೆ ಹೊರಟ ಪೀಪಾಯಿ ಟೋರ್ಕೆಲನ ದಾರಿಯುದ್ದಕ್ಕೂ ಉಳಿದ ಟೋರ್ಕೆಲ್‌ಗಳು. ಮಗುವಿನ ಹೆಸರಿಗಾಗಿ ಬಾಯಿ ಬಿಡಿಸಲು ಮೂಗು ಟೋರ್ಕೆಲ್ ಬಲವಂತವಾಗಿ ಕಾಫಿ ಕುಡಿಸಿದ. ಎರಡು ಹಸು ಟೋರ್ಕೆಲ್ ತೋಳು ಹಿಡಿದೆಳೆದು ಅದನ್ನು ಬಿಳಿ ಅಂಗಿಯ ಮೇಲೆ ಚೆಲ್ಲಿಸಿದ. ಚರ್ಚು ಸೇರಿದಾಗ ಇನ್ನಿಬ್ಬರು ತಾಯಂದಿರು ಸಾಲಿನಲ್ಲಿ ಮುಂದಿದ್ದರು.

ಮೊದಲ ಮಗುವಿಗೆ ಐವಿಂದ್ ಎಂದು ಹೆಸರಿಟ್ಟರು. ಟೋರ್ಕೆಲ್ ಚಿಕ್ಕಮ್ಮನ ತೋಳು ಜಗ್ಗಿದ. ಎರಡನೆಯದಕ್ಕೂ ಐವಿಂದ್ ಎಂದೇ ಇಟ್ಟರು.

“ಇಬ್ಬರಿಗೂ ಬೇರೆಬೇರೆಯಾಗೇ ಹೇಳಿದ್ದು ಕಣೋ,” ಚಿಕ್ಕಮ್ಮ ಪಿಸುಗುಟ್ಟಿದಳು. “ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ರು.”

ಹೇಳಲಿಲ್ಲ ನಿಜ, ಇಟ್ಟುಬಿಟ್ಟರು.

ಪಾದ್ರಿಗಳು ಮೂರನೆಯ ಮಗುವಿನತ್ತ ತಿರುಗಿದರು. ಮೂವರು ಐವಿಂದ್‌ಗಳಾದರೆ ಸಂಜೆಯೊಳಗೆ ಅಡ್ಡಹೆಸರು ಗ್ಯಾರಂಟಿ. ಬೇರೆ ಹೆಸರು ಬೇಕು, ಈಗಲೇ ಬೇಕು. ಎಷ್ಟು ತಡಕಿದರೂ ತಲೆಯಲ್ಲಿದ್ದದ್ದು ಒಂದೇ. ಬೆವರುತ್ತ ಅದನ್ನೇ ಚಿಕ್ಕಮ್ಮನ ಕಿವಿಯಲ್ಲಿ ಊದಿದ.

“ಟೋರ್ಕೆಲ್,” ಎಂದಳು ಅವಳು. ಮಗುವಿನ ತಲೆಗೆ ನೀರು ಬಿತ್ತು. ರಾಗ್ನಾ ಗಂಡನನ್ನು ನುಂಗುವಂತೆ ನೋಡಿದಳು.

ಹೊರಗೆ ಊರೆಲ್ಲ ಅವನ ಬೆನ್ನು ತಟ್ಟಿ, ಹಿರಿಯರ ಹೆಸರು ಉಳಿಸಿದೆ ಎಂದು ಹೊಗಳಿತು. ಮೂಗು ಟೋರ್ಕೆಲ್ ಚಿಕ್ಕಮ್ಮನತ್ತ ಕಣ್ಣು ಮಿಟುಕಿಸಿ ಮಗುವಿನ ಗಲ್ಲ ಹಿಂಡಿದ.

“ಹನ್ನೆರಡು ಜನ ಆದ್ವಿ, ಗುರುತಿಗೊಂದು ಬೇಡ್ವೇನ್ರಪ್ಪಾ? ಇವನು ಐವಿಂದ್ ಟೋರ್ಕೆಲ್.”